ಹಾಲಿನ ವಾಸನೆ ಇಲ್ಲದವನು

ಮತ್ತೆ ಹುಡುಕುತ್ತಿದ್ದಾನೆ, ಮೂಗನ್ನು ನನ್ನ ಅಂಗಿಗೆ ಉಜ್ಜಿ ಉಜ್ಜಿ, ಈ ಗುಂಡಿಯಿಂದ ಆ ಗುಂಡಿಗೆ — ಇಲ್ಲ ಕಣೋ ದೊರೆ, ಇಲ್ಲೇನೂ ಸಿಗಲ್ಲ, ಇದು ಅಪ್ಪನ ಎದೆ, ಬರೀ ಮೂಳೆ, ನಿಮ್ಮಮ್ಮನ್ನ ಕಾರಿಡಾರಿನ ಆ ತುದಿಯಲ್ಲಿ ಕೂರಿಸಿದ್ದಾರೆ. ಆಪರೇಷನ್ನಿಗೆ ಮೊದಲು ಹೊಟ್ಟೆ ಖಾಲಿ ಇರಬೇಕಂತೆ, ತೊಟ್ಟು ಹಾಲೂ ಕೊಡಬಾರದಂತೆ, ತಾಯಿ ಹತ್ತಿರವಿದ್ದರೆ ಹಾಲಿನ ವಾಸನೆಗೆ ಮಗು ಅಳುತ್ತೆ, ಅತ್ತರೆ ನೀಲಿಗಟ್ಟುತ್ತೆ, ನೀಲಿಗಟ್ಟಿದರೆ — ಸಿಸ್ಟರಮ್ಮ ಅಲ್ಲಿಗೇ ಮಾತು ನುಂಗಿಕೊಂಡು ನನ್ನ ಕಡೆ ತಿರುಗಿದಳು, ನೀನೇ ಎತ್ಕೋಪ್ಪಾ, ನಿನ್ನ ಹತ್ರ ಏನೂ ವಾಸನೆ ಇಲ್ಲ. ಕಾರಿಗೆ ಬಣ್ಣ ಹೊಡೆಯುವವನ ಮೈಯಲ್ಲಿ ವಾಸನೆ ಇಲ್ಲ ಅಂದವಳು ಭೂಮಿ ಮೇಲೆ ಈ ಸಿಸ್ಟರಮ್ಮ ಒಬ್ಬಳೇ, ಅದೂ ತನ್ನ ಸೋಪಿನಲ್ಲಿ ಮೊಣಕೈ ತನಕ ಸಿಪ್ಪೆ ಏಳುವ ಹಾಗೆ ಉಜ್ಜಿಸಿದ ಮೇಲೆ. ಬಸ್ಸಿನಲ್ಲಿ ಜನ ಪಕ್ಕದ ಸೀಟು ಬಿಟ್ಟು ಏಳುತ್ತಾರೆ, ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾಳೆ, ರೀ, ಅಲ್ಲೇ ನಿಲ್ಲಿ, ಥಿನ್ನರ್ ವಾಸನೆಗೆ ದೊರೆ ಕೆಮ್ತಾನೆ. ನಿಂತಿದ್ದೇನೆ, ಇವನು ಹುಟ್ಟಿದಾಗಿನಿಂದ ನಿಂತೇ ಇದ್ದೇನೆ, ತೊಟ್ಟಿಲಿಗೆ ಒಂದು ಮಾರು ದೂರ, ಸ್ವಂತ ಮಗನನ್ನು ಪಕ್ಕದ ಮನೆಯವನ ಹಾಗೆ ಇಣುಕಿ ನೋಡುತ್ತಾ. ಇಷ್ಟು ಹೊತ್ತು ಎದೆಗೊತ್ತಿ ಹಿಡಿದಿರುವುದು ಇವತ್ತೇ, ಇಷ್ಟು ಹಗುರ ಅಂತ ಗೊತ್ತೇ ಇರಲಿಲ್ಲ, ಇಷ್ಟು ಬಿಸಿ ಅಂತ.

ಒಂದೇ ಒಂದು ಸಲ ತಡೆಯಲಾರದೆ ಬೆರಳು ಕೊಟ್ಟಿದ್ದೆ, ಗಬಕ್ಕನೆ ಹಿಡಿದುಕೊಂಡಿದ್ದ, ಬಿಡಿಸಿಕೊಂಡರೆ ಅವನ ಉಗುರೆಲ್ಲ ನೀಲಿ. ಇವಳು ಮನೆ ಹಾರಿಹೋಗುವ ಹಾಗೆ ಕೂಗಿದಳು, ಕೈ ತೊಳ್ಕೊಂಡು ಮುಟ್ಟಿ ಅಂದ್ರೆ ಕಿವಿಗೇ ಹೋಗಲ್ವಲ್ಲ ನಿಮಗೆ, ನೋಡಿ, ಬಣ್ಣ ಅಂಟಿಸಿಬಿಟ್ರಿ. ನನಗೂ ಹಾಗೇ ಅನ್ನಿಸಿತು, ಅವತ್ತು ಕಾರೊಂದರ ಬಾಗಿಲಿಗೆ ನೀಲಿ ಬಣ್ಣ ಹೊಡೆದು ಬಂದಿದ್ದೆ. ಇಬ್ಬರೂ ಕೂತು ಎಣ್ಣೆ ಹಚ್ಚಿ, ಬಟ್ಟೆಯ ತುದಿಯಲ್ಲಿ, ಅಕ್ಕಿಕಾಳಿನಷ್ಟಿರುವ ಉಗುರುಗಳನ್ನು ಒಂದೊಂದಾಗಿ ಉಜ್ಜಿದೆವು, ಜಪ್ಪಯ್ಯ ಅಂದರೂ ಹೋಗಲಿಲ್ಲ, ಒಳ್ಳೇ ಕಂಪನಿ ಬಣ್ಣ ಕಣೇ ಅಂದೆ, ಸಿಟ್ಟಿನಲ್ಲೂ ನಕ್ಕಳು. ಆಮೇಲೆ ತುಟಿ ನೋಡಿದೆವು. ತುಟಿಯನ್ನು ನಾನು ಮುಟ್ಟಿರಲಿಲ್ಲ.

ಹೃದಯದಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು, ಹುಟ್ಟುವಾಗಲೇ ಹಾಗೆ, ತೂತಿಗೆ ತೇಪೆ ಹಾಕಿ ದಾರಿ ಅಗಲ ಮಾಡ್ತೀವಿ, ಡಾಕ್ಟರು ಕಾಗದದಲ್ಲಿ ಗೀಚಿ ತೋರಿಸಿದರು, ಅರ್ಥ ಆಯ್ತೇನಪ್ಪಾ, ಎಷ್ಟು ಓದಿದೀಯ — ಏಳನೇ ಕ್ಲಾಸಿಗೇ ಸಲಾಂ ಹೊಡೆದವನು ನಾನು, ಯಾಕೆ, ಓದಿದವರ ಮಕ್ಕಳಿಗೆ ಇದು ಬರಲ್ವಾ ಸಾರ್ ಅಂತ ನಾಲಿಗೆ ತುದಿಗೆ ಬಂತು, ಇವಳು ತೊಡೆ ಚಿವುಟಿದಳು. ಬರುತ್ತದಂತೆ, ಯಾರ ಮಕ್ಕಳಿಗೆ ಬೇಕಾದರೂ, ಯಾರದೂ ತಪ್ಪಲ್ಲವಂತೆ, ಯಾರದೂ ತಪ್ಪಲ್ಲದಿದ್ದರೆ ನಾನು ಯಾರ ಕೊರಳಪಟ್ಟಿ ಹಿಡಿಯಲಿ, ಈ ಮುಷ್ಟಿಯನ್ನು ಎಲ್ಲಿ ಇಟ್ಟುಕೊಳ್ಳಲಿ. ಹೃದಯ ನಿಲ್ಲಿಸಿ, ಹೊಲಿದು, ಮತ್ತೆ ಶುರು ಮಾಡ್ತೀವಿ ಅಂದರು, ಶುರು ಆಗದಿದ್ದರೆ ಅಂತ ಇವಳು ಕೇಳಲಿಲ್ಲ, ನಾನೂ ಕೇಳಲಿಲ್ಲ — ಅಯ್ಯೋ, ಬೇಡ, ಬೇಡ ಕಣೋ, ಮುಖ ಕಿವುಚುತ್ತಿದ್ದಾನೆ, ಈಗ ಅತ್ತುಬಿಡುತ್ತಾನೆ, ತುಟಿ ಆಗಲೇ ಕಪ್ಪಾಗುತ್ತಿದೆ, ನೀಲಿಗಟ್ಟಿದರೆ ಅವನ ಮಂಡಿ ಅವನೆದೆಗೇ ಮಡಚಿ ಹಿಡಿ ಅಂದಿದ್ದರು ಡಾಕ್ಟರು, ಹಾಗೇ, ಮಂಡಿ ಎದೆಗೆ, ಪುಟ್ಟ ಮುದ್ದೆ ಮಾಡಿ, ಶ್ಶ್, ಶ್ಶ್, ಇಲ್ಲೇ ಇದೀನಿ. ಎಂಥ ಅಪ್ಪ ನಾನು, ಮಗ ಅಳದಿರಲಿ ಅಂತ ಬೇಡಿಕೊಳ್ಳುತ್ತೇನೆ, ಒಳಗೊಳಗೇ ಆಸೆಯೆಲ್ಲ ಅವನು ಅಳಲಿ ಅಂತ, ಬೀದಿಯವರೆಲ್ಲ ಬಂದು ಬಾಗಿಲು ಬಡಿದು, ಏನ್ರೀ ನಿಮ್ಮ ಮಗಂದು ರಗಳೆ ಅನ್ನಬೇಕು, ಕೆಂಪಗೆ, ಮೂಲಂಗಿ ಹಾಗೆ ಕೆಂಪಗೆ ಆಗಬೇಕು ಅತ್ತು ಅತ್ತು. ಸಿಕ್ಕಿತು ಅಂದುಕೊಂಡನೋ ಏನೋ, ಅಂಗಿಯನ್ನೇ ಬಾಯಿಗೆ ತೆಗೆದುಕೊಂಡ, ಚೀಪುತ್ತಿದ್ದಾನೆ, ಬಟ್ಟೆಯನ್ನು, ಎಷ್ಟು ನಂಬಿಕೆಯಿಂದ, ಕಣ್ಣು ಮುಚ್ಚಿ, ಚೀಪೋ ದೊರೆ, ದೇವರೇ ನನ್ನ ಎದೆಯಲ್ಲಿ ಒಂದೇ ಒಂದು — ಕೊಡಪ್ಪಾ, ಹೊತ್ತಾಯ್ತು. ಸಿಸ್ಟರಮ್ಮ. ಒಂದು ನಿಮಿಷ ಅಕ್ಕ. ಕೊಡಪ್ಪಾ. ಅಂಗಿ ಬಾಯಲ್ಲೇ ಇತ್ತು, ಅವಳು ಕಿರುಬೆರಳು ತೂರಿಸಿ ಬಿಡಿಸಿದಳು, ಬಾಗಿಲು ತೆರೆಯಿತು, ಅವನ ಪಾದ ಕಂಡಿತು, ಬಾಗಿಲು ಮುಚ್ಚಿತು.

ತೋಳು ಇನ್ನೂ ಹಾಗೇ ಮಡಚಿಕೊಂಡಿದೆ. ಇವಳು ಓಡಿ ಬರುತ್ತಿದ್ದಾಳೆ, ಶಾಲನ್ನು ಎದೆಯ ಮೇಲೆ ಎಳೆದುಕೊಂಡು, ಕೆಳಗೆ ಎರಡೂ ಕಡೆ ಹಾಲು ಒಸರಿ ಒದ್ದೆ, ಅತ್ತನೇನ್ರೀ, ಇಲ್ಲ, ನನ್ನ ಹುಡುಕಿದನಾ, ಅಂಗಿ ತೋರಿಸಿದೆ, ಮೂರನೇ ಗುಂಡಿಯ ಪಕ್ಕ ಅವನ ಎಂಜಲಿನ ಒದ್ದೆ, ಸುಕ್ಕಾಗಿ, ಬಾಯಿಯಷ್ಟೇ ಅಗಲ. ಅವಳು ಅದಕ್ಕೆ ಮೂಗು ಒತ್ತಿದಳು, ಅಲ್ಲೇ ನಿಂತಳು, ಸೋಪು, ಥಿನ್ನರ್, ಏನೂ ಅನ್ನಲಿಲ್ಲ. ಒಳಗೆ ಅವನ ಹೃದಯ ನಿಲ್ಲಿಸಿರಬಹುದು ಈಗ. ಮೇಲೆ ಫ್ಯಾನು, ಯಾರಾದರೂ ಆರಿಸಿರೋ ಅದನ್ನು, ಅಂಗಿಯ ಒದ್ದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಅಂಗೈ ಅಡ್ಡ ಹಿಡಿದಿದ್ದೇನೆ, ಅವಳ ಅಂಗೈ ಅದರ ಮೇಲೆ, ಬೆರಳ ಸಂದಿಯಿಂದ ಇಣುಕುತ್ತೇನೆ, ಇದೆ, ಇನ್ನೂ ಒದ್ದೆ, ಬಾಯಿಯಷ್ಟು ಅಗಲ ಇಲ್ಲ ಈಗ, ಉಗುರಿನಷ್ಟು, ಆದರೂ ಒದ್ದೆ, ಒದ್ದೆ —