ಅಂಗಳದವರಿಗೂ ಬಂದ ಪತ್ರ

ಶಿಲುಬೆಗೇರಿ ಸತ್ತು ಎದ್ದುಬಂದ ಪ್ರಭುವನ್ನು ನಂಬಿದವರೆಲ್ಲ ಒಡಹುಟ್ಟಿದವರು ಎಂಬ ಮಾತು ಆ ಊರಿಗೆ ಬಂದು ಹೆಚ್ಚು ವರ್ಷಗಳಾಗಿರಲಿಲ್ಲ. ವಾರಕ್ಕೊಂದು ಸಂಜೆ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ, ತಂಗಿ. ಪ್ರಭುವಿನ ನೆನಪಿಗೆ ರೊಟ್ಟಿ ಮುರಿದು ಉಣ್ಣುವಾಗ ಮಾತ್ರ ಈ ನಂಟು ತುಸು ದೂರದ್ದಾಗುತ್ತಿತ್ತು. ಬೇಗ ಬರಬಲ್ಲ ಅಣ್ಣಂದಿರು ಒಳಕೋಣೆಯಲ್ಲಿ ದಿಂಬಿಗೊರಗಿ ಉಂಡು ಮುಗಿಸುತ್ತಿದ್ದರು. ದುಡಿದು ತಡವಾಗಿ ಬರುವ ತಮ್ಮಂದಿರಿಗೆ ಅಂಗಳದಲ್ಲಿ ಪ್ರಾರ್ಥನೆ ಬೇಕಾದಷ್ಟು ಸಿಗುತ್ತಿತ್ತು.

ನೂಲು ಅದ್ದಿ ಅದ್ದಿ ಮೊಣಕೈವರೆಗೂ ನೀಲಿಯಾಗಿದ್ದ ಬಣ್ಣದವಳು ಒಂದು ಚಳಿಗಾಲವಿಡೀ ಇದನ್ನು ನುಂಗಿಕೊಂಡಳು. ಒಂದು ಸಂಜೆ, ಗಿಡ್ಡ ಎಂದೇ ಕರೆಸಿಕೊಳ್ಳುವ ಹಮಾಲಿ, ಹಾಡುತ್ತಿದ್ದವನು ಹಾಗೆಯೇ ಕಂಬಕ್ಕೊರಗಿ ಕುಸಿದ.

"ದೇವರ ಆತ್ಮ ತುಂಬಿರಬೇಕು," ಎಂದಿತು ಒಳಗಿನ ಒಂದು ದನಿ.

"ಆತ್ಮ ತುಂಬಿದೆ ಅಣ್ಣ, ಹೊಟ್ಟೆ ತುಂಬಿಲ್ಲ," ಎಂದಳು ಬಣ್ಣದವಳು.

ಮರುದಿನವೇ, ಹಡಗಿನಲ್ಲಿ ದುಡಿಯುವ ಮೈದುನನ ಬಾಯಲ್ಲಿ ಗುರುಗಳಿಗೆ ದೂರು ಹೇಳಿ ಕಳಿಸಿದಳು. ಸಭೆ ಕಟ್ಟಿದವರು ಅವರೇ. ಈಗ ಬೇರೆ ಊರಲ್ಲಿದ್ದರು. ಉತ್ತರ ಪತ್ರವಾಗಿ ಬಂತು, ವ್ಯಾಪಾರಿಯ ಕೈ ಸೇರಿತು. ಅದನ್ನು ಸಭೆಗೆ ಓದುವ ಮೊದಲು ಅವನು ಬಣ್ಣದವಳನ್ನು ಉಗ್ರಾಣಕ್ಕೆ ಕರೆದ.

"ಗುರುಗಳು ಊಟದ ವಿಷಯ ಬರೆದಿದ್ದಾರೆ ತಂಗಿ. ಸ್ವಲ್ಪ ಖಾರವಾಗೇ ಬರೆದಿದ್ದಾರೆ."

"ಉಂಡವರಿಗೆ ಖಾರ ಹತ್ತಬೇಕಾದ್ದೇ. ನಾವು ರುಚಿನೇ ನೋಡಿಲ್ಲ."

"ತಮಾಷೆ ಬಿಡು. ದೂರು ನಿಂದು ಅಂತಾನೂ ಬರೆದುಬಿಟ್ಟಿದ್ದಾರೆ. ಒಳಗೆ ಕೂರೋರೇ ಅಲ್ವಾ ನಿನಗೆ ನೂಲು ಕೊಡೋದು? ನಾನೇನೋ ಕ್ಷಮಿಸಿದೆ. ಬೇರೆಯವರ ಮನಸ್ಸು ನನ್ನ ಕೈಲಿಲ್ಲ. ಆ ಭಾಗ ಬಿಟ್ಟು ಓದ್ಸೋಣ. ಪ್ರೀತಿ, ಸಹನೆ, ಅದೆಲ್ಲ ಚೆನ್ನಾಗಿ ಬರೆದಿದ್ದಾರೆ. ನಿನ್ನ ಹೊಟ್ಟೆಪಾಡಿಗೂ ಸಂಚಕಾರ ಇಲ್ಲ."

ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ನೂಲು ಬರದಿದ್ದರೆ ತೊಟ್ಟಿಯ ಬಣ್ಣ ಕೊಳೆಯುತ್ತದೆ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು.

"ಪತ್ರ ಯಾರಿಗೆ ಅಂತ ಬರೆದಿದ್ದಾರೆ?"

"ಸಭೆಗೆ."

"ಸಭೆ ಅಂದ್ರೆ ಬರೀ ದಿಂಬಿನವರಾ?"

ವ್ಯಾಪಾರಿ ಬಟ್ಟೆಯ ಗಂಟುಗಳನ್ನು ನೋಡತೊಡಗಿದ.

"ಪೂರ್ತಿ ಓದ್ಸಿ. ನನ್ನ ಮಾತು ಬಂದಾಗ ಓದೋ ನಿಮ್ಮ ಗುಮಾಸ್ತ ಕೆಮ್ಮಬಾರದು."

"ನಾಳೆ ನೂಲು ಕೇಳ್ಕೊಂಡು ಬರ್ತೀಯಲ್ಲ..."

"ಬರ್ತೀನಿ. ಇಲ್ಲ ಅನ್ನೋದಾದ್ರೆ ಮುಖ ನೋಡಿ ಅನ್ನಿ."

ಸಭೆಯ ಸಂಜೆ ಪತ್ರ ಕೇಳಲೆಂದು ಅಂಗಳದವರೂ ಬೇಗ ಬಂದಿದ್ದರು; ಊಟಕ್ಕೆ ಮೊದಲೇ ಗುಮಾಸ್ತ ಒಳಕೋಣೆಯ ನಡುವೆ ಪತ್ರ ಬಿಚ್ಚಿದ. ಬಣ್ಣದವಳು ದೀಪವನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ನಿಂತಳು. "ಬೆಳಕು ಇಲ್ಲಿದೆ ಅಣ್ಣ." ಕತ್ತಲಲ್ಲಿ ಓದುವ ವಿದ್ಯೆ ಗುಮಾಸ್ತನಿಗೆ ತಿಳಿದಿರಲಿಲ್ಲ, ಹೊಸ್ತಿಲಿಗೆ ಬಂದ. ಅಂಗಳ ಕಿವಿಯಾಯಿತು.

ಆ ಭಾಗ ಬರುತ್ತಲೇ ಅವನಿಗೆ ಕೆಮ್ಮು ಬಂತು. ಅವಳು ಕಾದಳು. "ವಾಸಿಯಾಯ್ತಾ? ಆ ಸಾಲು ಮತ್ತೊಮ್ಮೆ."

ಅವನು ಓದಿದ: "ಹಸಿದವನನ್ನು ಬಾಗಿಲಾಚೆ ಕೂರಿಸಿ ನೀವು ಮುರಿಯುವುದು ಪ್ರಭುವಿನ ರೊಟ್ಟಿಯಲ್ಲ. ನೀಲಿ ಕೈಯ ತಂಗಿ ಹೇಳಿ ಕಳಿಸಿದ್ದರಿಂದ ನನಗಿದು ತಿಳಿಯಿತು."

ನೂಲಿನ ಸಾಹುಕಾರನೊಬ್ಬ ದಿಂಬಿನಿಂದ ಮೇಲೆದ್ದ. "ಮನೆ ಮಾತು ಹೊರಗೆ ಹಾಕೋದಾ ತಂಗಿ?"

"ನಾನು ಕೂತಿದ್ದೇ ಹೊರಗೆ ಅಣ್ಣ. ಅಲ್ಲಿಂದ ಇನ್ನೆಲ್ಲಿಗೆ ಹಾಕ್ಲಿ?"

ಅಂಗಳದಲ್ಲಿ ಯಾರೋ ನಕ್ಕರು. ಅವಳು ಹೊಸ್ತಿಲು ದಾಟಿ ಒಳಗೆ ಹೋಗಿ, ತಟ್ಟೆಯಲ್ಲಿದ್ದ ಇಡೀ ರೊಟ್ಟಿಯನ್ನು ನೀಲಿ ಕೈಗಳಲ್ಲಿ ಎತ್ತಿಕೊಂಡು, ವ್ಯಾಪಾರಿಯ ಪಕ್ಕದ ದಿಂಬಿನ ಮೇಲೆ ಕುಳಿತಳು. ಮುರಿಯಲಿಲ್ಲ.

"ಗಿಡ್ಡ ಇನ್ನೂ ಮೂಟೆ ಇಳಿಸ್ತಿದ್ದಾನೆ," ಎಂದಳು. "ಬರ್ಲಿ."

ಅಂಗಳದವರು ಒಬ್ಬೊಬ್ಬರಾಗಿ ಒಳಗೆ ಬಂದು ಕುಳಿತರು. ಎಲ್ಲರೂ ಕಾದರು. ಆ ಮೌನದಲ್ಲಿ ಮೊದಲು ಗುರುಗುಟ್ಟಿದ್ದು ವ್ಯಾಪಾರಿಯ ಹೊಟ್ಟೆ.