ಬೀಗದಣ್ಣನ ಹೆಸರು

ಆತನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಹೆಂಡತಿಗೂ ಬ್ಯಾಂಕಿನವರಿಗೂ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಊರಿನವರ ಬಾಯಲ್ಲಿ ಆತ ಬೀಗದಣ್ಣ, ಆಕೆ ಬೀಗದಮ್ಮ. ಮಗಳು ಅಂಗಡಿಗೊಂದು ವೆಬ್‌ಸೈಟ್ ಮಾಡಿದಾಗ ಅದಕ್ಕೂ ಬೀಗದಣ್ಣ ಎಂದೇ ಹೆಸರಿಟ್ಟಳು. ಬಾಗಿಲು ಹಾಕಿಕೊಂಡು ಹೊರಗೆ ಸಿಕ್ಕಿಬಿದ್ದವರು ಫೋನಿನಲ್ಲಿ ಆ ಹೆಸರು ಒತ್ತಿದರೆ ಅಂಗಡಿಯ ನಂಬರು ಬರುತ್ತಿತ್ತು. ಕರೆದರೆ ಮನೆಯವರಲ್ಲೇ ಒಬ್ಬರು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು.

ಬೀಗ ತೆಗೆಯುವುದರಲ್ಲಿ ಬೀಗದಣ್ಣನ ಕೈ ಎಷ್ಟು ಚುರುಕೋ, ತೆಗೆಯುವ ಮೊದಲು ಆತ ಅಷ್ಟೇ ನಿಧಾನ. ಪಕ್ಕದ ಮನೆಯ ಬಾಗಿಲು ತಟ್ಟಿ, "ಇವರು ಈ ಮನೆಯವರೇನಾ?" ಎಂದು ಕೇಳಿ, ಹೌದೆನ್ನಿಸಿಕೊಂಡ ಮೇಲೆಯೇ ಚೀಲಕ್ಕೆ ಕೈಹಾಕುತ್ತಿದ್ದ. ಒಮ್ಮೆ ತನ್ನ ಸ್ವಂತ ಅತ್ತೆಯನ್ನೇ, ಹೆಂಡತಿಯ ತಾಯಿಯನ್ನೇ, ಪಕ್ಕದ ಮನೆಯವರು ಪೇಟೆಯಿಂದ ಬರುವ ತನಕ ಮೆಟ್ಟಿಲ ಮೇಲೆ ಕೂರಿಸಿದ್ದ. ಆ ಮುದುಕಿ ಸಾಯುವವರೆಗೂ ಅದನ್ನು ಆಡಿಕೊಳ್ಳುವುದು ಬಿಡಲಿಲ್ಲ.

ಬೀಗದಣ್ಣ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೀಗದಮ್ಮ ದಿನವೂ ಬೆಳಿಗ್ಗೆ ದೇವರ ಮುಂದೆ ಕೂರುತ್ತಿದ್ದಳು. ದೇವರೊಡನೆ ಮಾತೂ ಬಿಟ್ಟಿರಲಿಲ್ಲ, ಜಗಳವೂ ಬಿಟ್ಟಿರಲಿಲ್ಲ. ಗಂಡನ ಫೋನನ್ನು ದೇವರ ಪಕ್ಕದ ಹಲಗೆಯ ಮೇಲಿಟ್ಟು, ಚಾರ್ಜು ಮುಗಿಯದಂತೆ ನೋಡಿಕೊಳ್ಳುತ್ತಿದ್ದಳು. ಆಗಾಗ ಅದು ಗುಂಯ್ ಎನ್ನುತ್ತಿತ್ತು. ಅದನ್ನು ಕೇಳುವುದೇ ಆಕೆಗೊಂದು ಸಮಾಧಾನ. ತೆರೆದು ನೋಡಲು ಯಾರಿಗೂ ಬಿಟ್ಟಿರಲಿಲ್ಲ, ತಾನೂ ನೋಡಿರಲಿಲ್ಲ. ವೆಬ್‌ಸೈಟಿನ ಮಾಲೀಕರ ಜಾಗದಲ್ಲಿ ಇನ್ನು ನಿನ್ನ ಹೆಸರು ಹಾಕೋಣವೆಂದು ಮಗಳು ಎಷ್ಟೋ ಸಲ ಹೇಳಿದ್ದಳು. ಬೀಗದಮ್ಮ ಪ್ರತಿ ಸಲವೂ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಆ ದಿನ ಮಧ್ಯಾಹ್ನ ಆಕೆ ಕೀಲಿ ಉಜ್ಜುತ್ತ ಕೂತಿದ್ದಾಗ, ಮೈದುನ ಎದೆ ಉಬ್ಬಿಸಿಕೊಂಡು ಬಂದು ನಿಂತ. ಒಂದು ಕೆಲಸ ಮುಗಿಯುವುದರೊಳಗೆ ಇನ್ನೊಂದಕ್ಕೆ ಕೈಹಾಕುವ ಈತನನ್ನು ಮನೆಯವರೆಲ್ಲ ಗಡಿಬಿಡಿ ಎಂದೇ ಕರೆಯುತ್ತಿದ್ದರು. ವೆಬ್‌ಸೈಟಿನ ಹೆಸರಿನ ಅವಧಿ ಮುಗಿಯುತ್ತ ಬಂದಿದೆಯಂತೆ, ಆ ಹೆಸರು ಮಾರಿದ ಕಂಪನಿಯವರೇ ಫೋನ್ ಮಾಡಿದ್ದರು, ಅಣ್ಣ ತೀರಿಕೊಂಡದ್ದಕ್ಕೆ ತುಂಬ ನೊಂದುಕೊಂಡು ಮಾತನಾಡಿದರು ಎಂದು ಶುರುಮಾಡಿದ. ಹೆಸರಿಗೊಂದು ಬೀಗ ಬಿದ್ದಿರುವುದರಿಂದ ಅವಧಿ ಮುಂದುವರಿಸಲು ಆಗುತ್ತಿಲ್ಲವಂತೆ. ಅದನ್ನು ತೆಗೆಯುವುದು ಸಾಮಾನ್ಯದವರಿಂದ ಆಗದು ಎಂದೂ ಅವರು ಅಂದರಂತೆ.

"ನಂಗೆ ಹೇಳ್ತಾನೆ ನೋಡಿ ಅತ್ತಿಗೆ, ಬೀಗ ತೆಗೆಯೋಕಾಗಲ್ಲ ಅಂತ! ಅಂಗಡಿ ಕಂಪ್ಯೂಟರಲ್ಲಿ ಹುಡುಕಿ ಕ್ಷಣದಲ್ಲಿ ತೆಗೆದೆ. ಅದರಲ್ಲೇ ಒಂದು ಕೋಡ್ ಬಂತು, ಅದನ್ನೂ ಓದಿ ಹೇಳಿದೆ."

ಬೀಗದಮ್ಮನ ಕೈಯಲ್ಲಿದ್ದ ಅರ ನಿಂತಿತು.

"ಅವನು ಯಾರು ಅಂತ ಯಾರನ್ನ ಕೇಳಿದೆ?"

"ಅವನೇ ಹೇಳಿದನಲ್ಲ, ಕಂಪನಿಯವನು ಅಂತ."

"ಬಾಗಿಲ ಮುಂದೆ ನಿಂತೋನು ನಾನು ಈ ಮನೆಯವನು ಅನ್ನದೆ ಇನ್ನೇನಂತಾನೆ?"

ಗಡಿಬಿಡಿಯ ಮುಖದ ಬಣ್ಣ ಇಳಿಯಿತು. ಬೀಗ ತೆಗೆಯಲಾಗದು ಎಂಬ ಒಂದು ಮಾತು ಸಾಕು, ಬೇರೆ ಏನೂ ಕೇಳದೆ ಮೈಮೇಲೆ ಹಾಕಿಕೊಳ್ಳುವವನು ಈತ. ಆ ಕಳ್ಳ ಸರಿಯಾದ ಮನೆಗೇ ಬಂದಿದ್ದ.

ಮಗಳು ಒಳಗಿನಿಂದ ಓಡಿಬಂದಳು. ಬಂದ ಕರೆಯ ನಂಬರಿಗೆ ಮಾಡದೆ, ಹೆಸರು ಮಾರಿದ ಕಂಪನಿಯ ಸ್ವಂತ ಪುಟದಲ್ಲಿ ನಂಬರು ಹುಡುಕಿ ಕರೆದಳು. ಅತ್ತಲಿನ ಹೆಣ್ಣುಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ತಮ್ಮವರು ಯಾರೂ ಕರೆದಿಲ್ಲ, ಅವಧಿ ಮುಗಿಯಲು ಇನ್ನೂ ಬೇಕಾದಷ್ಟು ಸಮಯವಿದೆ. ಆದರೆ ಹೆಸರು ಬೇರೆಯವರ ಪಾಲಾಗದಂತೆ ಹಾಕಿದ್ದ ಬೀಗ ತೆಗೆದು ಕೋಡ್ ಕೊಟ್ಟಿದ್ದರಿಂದ, ಆ ಹೆಸರನ್ನು ಬೇರೆ ಕಡೆಗೆ ಸಾಗಿಸಿಕೊಡಿ ಎಂಬ ಕೋರಿಕೆ ಆಗಲೇ ಬಂದಿದೆ. ಮಾಲೀಕರಿಗೆ ಮೇಲ್ ಕಳಿಸಿದ್ದೇವೆ, ಬೇಡ ಎಂಬ ಉತ್ತರ ಅಲ್ಲಿಂದಲೇ ಬರಬೇಕು. ಕೆಲವು ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಲೆಕ್ಕ. ಹಾಗೊಮ್ಮೆ ಹೋದರೆ ಮರಳಿ ತರುವುದು ಬಲು ಕಷ್ಟ.

"ಮಾಲೀಕರು ಇಲ್ಲ," ಎಂದಳು ಮಗಳು. ಆ ಮೇಲ್ ಬರುವುದು ಅಪ್ಪನ ಫೋನಿಗೆ ಮಾತ್ರ ಎಂದು ತಾಯಿಯ ಕಡೆ ತಿರುಗಿದಳು.

ಗಡಿಬಿಡಿ ತಲೆಯ ಮೇಲೆ ಕೈಹೊತ್ತು ಮುಕ್ಕಾಲಿಯ ಮೇಲೆ ಕುಸಿದ. ಹೋದರೆ ಹೋಗಲಿ ಅತ್ತಿಗೆ, ಇನ್ನೊಂದು ಹೆಸರಿನಲ್ಲಿ ಹೊಸದು ಮಾಡಿಸೋಣ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಗೋಗರೆದ. ಬೀಗದಮ್ಮನ ಕಣ್ಣಿಗೆ ಬೇರೆಯೇ ಒಂದು ಚಿತ್ರ ಕಟ್ಟಿತ್ತು. ಯಾರೋ ಒಬ್ಬ ಒಂಟಿ ಹೆಂಗಸು ಆ ಹೆಸರನ್ನು ಒತ್ತುತ್ತಾಳೆ. ಬೀಗದಣ್ಣನ ಕಡೆಯವನು ಎಂದು ಹೇಳಿಕೊಂಡು ಯಾರೋ ಬರುತ್ತಾನೆ. ಅವಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಬಂದವನು ಬೀಗ ತೆಗೆಯುತ್ತಾನೆ, ಕೀಲಿಯ ಅಚ್ಚನ್ನೂ ತೆಗೆದುಕೊಳ್ಳುತ್ತಾನೆ.

ಆಕೆ ಎದ್ದು ಒಳಗೆ ಹೋದಳು. ದೇವರ ಮುಂದೆ ನಿಂತು ಕೈಮುಗಿದಳು. "ಮುಟ್ಟಬಾರದು ಅಂತಿದ್ದೆ. ನೀನು ಬಿಡಲಿಲ್ಲ," ಎಂದು ಮೆಲ್ಲಗೆ ದೂರಿ, ಹಲಗೆಯ ಮೇಲಿನ ಫೋನನ್ನು ಕೈಗೆತ್ತಿಕೊಂಡಳು.

ಫೋನಿಗೆ ಬೀಗವಿತ್ತು. ಬೆರಳಿನಿಂದ ಗೆರೆ ಎಳೆದರೆ ಮಾತ್ರ ತೆರೆಯುವಂಥದು. ಅಪ್ಪ ಆ ಗೆರೆಯನ್ನು ಯಾರಿಗೂ ಹೇಳಿರಲಿಲ್ಲ ಎಂದು ಮಗಳು ಅಂದಳು. ಹೇಳಿರಲಿಲ್ಲ, ನಿಜ. ಆದರೆ ಊಟದ ಮೇಜಿನಲ್ಲಿ ಆತನ ಎದುರು ಕೂತು, ಆ ಹೆಬ್ಬೆರಳು ಕೆಳಗಿಳಿದು, ಅಡ್ಡ ಹೋಗಿ, ಮತ್ತೆ ಮೇಲೇರುವುದನ್ನು ಬೀಗದಮ್ಮ ದಿನವೂ ನೋಡಿದ್ದಳು. ಎದುರಿನಿಂದ ಕಂಡದ್ದನ್ನು ಮನಸ್ಸಿನಲ್ಲೇ ತಿರುಗಿಸಿಕೊಂಡು, ತನ್ನ ಹೆಬ್ಬೆರಳಿನಿಂದ ಎಳೆದಳು. ತೆರೆಯಿತು.

ಎಲ್ಲಕ್ಕಿಂತ ಮೇಲೆಯೇ ಸಿಕ್ಕಿತು ಆ ಮೇಲ್. ಅದರ ಕೆಳಗೆ ಆಕೆ ಇಷ್ಟು ದಿನ ಕೇಳಿದ ಗುಂಯ್‌ಗಳೆಲ್ಲ ಸಾಲಾಗಿ ಕೂತಿದ್ದವು. ಅವನ್ನು ಆಮೇಲೆ ನೋಡಿದರಾಯಿತು. ಮಗಳು ಅಕ್ಷರ ಅಕ್ಷರವಾಗಿ ಓದಿ, ಇದು ಕಂಪನಿಯದೇ ಹೌದೇ ಎಂದು ಕರೆಯಲ್ಲಿ ಇನ್ನೂ ಕಾಯುತ್ತಿದ್ದ ಆ ಹೆಣ್ಣುಮಗಳನ್ನೇ ಕೇಳಿ ಖಚಿತ ಮಾಡಿಕೊಂಡಳು. ಸಾಗಿಸಬೇಡಿ ಎಂಬಲ್ಲಿ ಬೀಗದಮ್ಮನೇ ಒತ್ತಿದಳು. ಪಾಸ್‌ವರ್ಡ್ ಬದಲಾಯಿತು, ಹಳೆಯ ಕೋಡ್ ರದ್ದಾಯಿತು, ಹೆಸರಿಗೆ ಮತ್ತೆ ಬೀಗ ಬಿತ್ತು.

ಸಂಜೆ ಅಂಗಡಿಯ ಫೋನಿಗೆ ಕರೆ ಬಂತು. ಕಂಪನಿಯವನು ಎಂದಿದ್ದ ಆ ಮನುಷ್ಯನೇ. ಗಡಿಬಿಡಿಯ ಕೈಯಿಂದ ಬೀಗದಮ್ಮ ಅದನ್ನು ಕಿತ್ತುಕೊಂಡಳು.

"ಅಮ್ಮಾ, ಏನೋ ತಪ್ಪಾಗಿದೆ. ಬೇಡ ಅಂತ ಒತ್ತಿಬಿಟ್ಟಿದೀರ."

"ತಪ್ಪಿಲ್ಲಪ್ಪ. ಕಣ್ಣುಬಿಟ್ಟುಕೊಂಡೇ ಒತ್ತಿದ್ದು."

"ಇವತ್ತೇ ನಿಮ್ಮ ವೆಬ್‌ಸೈಟ್ ಮುಚ್ಚಿಹೋಗತ್ತೆ. ಆಮೇಲೆ ಅಳಬೇಡಿ."

"ಅಳೋದೆಲ್ಲ ಅತ್ತಾಯ್ತು. ನೀನು ಯಾರ ಮನೆಯವನು? ನಿನ್ನ ಗುರುತು ಹೇಳೋ ಅಕ್ಕಪಕ್ಕದವರು ಯಾರಾದ್ರೂ ಇದ್ರೆ ಕರ್ಕೊಂಡು ಬಾ. ಮೆಟ್ಟಿಲ ಮೇಲೆ ಜಾಗ ಇದೆ, ಕೂತ್ಕೊಂಡು ಮಾತಾಡೋಣ."

ಆ ದನಿಯ ನಯ ಅಲ್ಲಿಗೆ ಮುಗಿಯಿತು. "ನಿಮ್ಮ ಯಜಮಾನರೇ ಹೋದ್ರು. ಆ ಹೆಸರು ಇಟ್ಕೊಂಡು ಈ ವಯಸ್ಸಲ್ಲಿ ಏನು ಮಾಡ್ತೀರ?"

ಬೀಗದಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಆ ಹೆಸರು ಕೇಳಿದ್ರೆ ಜನ ಬಾಗಿಲು ಬಿಟ್ಟು ಪಕ್ಕಕ್ಕೆ ನಿಲ್ತಾರೆ. ಮಕ್ಕಳು ಮಲಗಿರೋ ಕೋಣೆತನಕ ಕರ್ಕೊಂಡು ಹೋಗ್ತಾರೆ. ಅಂಥದ್ದು ನಿನ್ನ ಕೈಗೆ ಬರಬೇಕಾದ್ರೆ ಮೊದಲು ನಾನು ಹೋಗ್ಬೇಕು. ನಾನು ಇಲ್ಲೇ ಕೂತಿದೀನಿ. ನಾನು ಹೋದ್ರೆ ಮಗಳು ಕೂತಿರ್ತಾಳೆ."

ಇನ್ನೊಂದು ದಾರಿಯಿಂದ ಬರುತ್ತೇನೆ ಎಂದು ಅವನು ಹಲ್ಲು ಕಡಿದ. ಬಾ, ಎಂದು ಹೇಳಿ ಆಕೆ ಫೋನಿಟ್ಟಳು.

ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಮಾಲೀಕರ ಹೆಸರು ಎಲ್ಲಿದೆ ತೋರಿಸು ಎಂದಳು. ಮಗಳು ತೋರಿಸಿದಳು. ಅಲ್ಲಿ ಇದ್ದದ್ದು ಬೀಗದಣ್ಣ ಎಂದಲ್ಲ, ಆಕೆಗೂ ಬ್ಯಾಂಕಿನವರಿಗೂ ಮಾತ್ರ ಗೊತ್ತಿದ್ದ ಆ ಇನ್ನೊಂದು ಹೆಸರು. ಇಷ್ಟು ದಿನ ಅದನ್ನು ಅಳಿಸಲಾರದೆಯೇ ಕಳ್ಳನಿಗೆ ಸಂದು ಬಿಟ್ಟಿದ್ದಳು. ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದಳು. ಮೊದಲ ಅಕ್ಷರಕ್ಕೆ ಬಂದಾಗ ಬೆರಳು ತುಸು ನಿಂತಿತು. ಅದನ್ನೂ ಅಳಿಸಿ, ತನ್ನ ಹೆಸರು ಬರೆದಳು. ಮೇಲ್ಗಡೆ ದಪ್ಪಕ್ಷರದಲ್ಲಿ ಬೀಗದಣ್ಣ ಹಾಗೆಯೇ ಇತ್ತು.

ಅಷ್ಟರಲ್ಲಿ ಮತ್ತೆ ಫೋನು ಬಂತು. ಯಾರೋ ಹೆಂಗಸು, ಕಂಕುಳಲ್ಲಿ ಕೂಸು, ಕೀಲಿ ಒಳಗೇ ಉಳಿದಿದೆಯಂತೆ. ಗಡಿಬಿಡಿ ಅಭ್ಯಾಸಬಲದಿಂದ ಎದ್ದ, ಅತ್ತಿಗೆಯ ಮುಖ ನೋಡಿ ಮತ್ತೆ ಕೂತ. ಬೀಗದಮ್ಮ ಗಂಡನ ಚೀಲವನ್ನು ಗೂಟದಿಂದ ಇಳಿಸಿ ಅವನ ಮಡಿಲಿಗೆ ಹಾಕಿದಳು.

"ಹೋಗು. ಮೊದಲು ಪಕ್ಕದ ಮನೆ ಬಾಗಿಲು ತಟ್ಟು."

"ಕಂಕುಳಲ್ಲಿ ಕೂಸಿದೆ ಅಂದ್ರಲ್ಲ ಅತ್ತಿಗೆ."

"ಇದ್ರೂ ತಟ್ಟು. ನಮ್ಮಮ್ಮನೇ ಮೆಟ್ಟಿಲ ಮೇಲೆ ಕಾದಿದ್ಲು."