ಒಂದು ಹಕಾರದ ತಪ್ಪು

ಮದ್ದೂರು ಕಡೆಯಿಂದ ವರ್ಗವಾಗಿ ನಾನು ಚಳ್ಳಕೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದದ್ದು ತೊಂಬತ್ತೇಳರಲ್ಲಿ. ಶಾಲೆಯ ಹೆಸರು ಬೇಡ. ಇಲ್ಲಿ ಹೇಳಹೊರಟಿರುವ ತಪ್ಪು ನನ್ನದು, ಶಾಲೆಯದಲ್ಲ.

ಪಾಠ ಹೇಳುತ್ತಿದ್ದುದು ಕನ್ನಡ. ನನಗೆ ಹಕಾರದ ಹುಚ್ಚು ಇತ್ತು. ಮಕ್ಕಳು ಹಾಲಿಗೆ ಆಲು ಎಂದರೆ, ಹೂವಿಗೆ ಊವು ಎಂದರೆ, ಹಾವಿಗೆ ಆವು ಎಂದರೆ ನನ್ನ ಮೈ ಉರಿಯುತ್ತಿತ್ತು. ಎಬ್ಬಿಸಿ ನಿಲ್ಲಿಸಿ ಹತ್ತು ಸಲ 'ಹಾವು' ಎನ್ನಿಸಿ ಕೂರಿಸುತ್ತಿದ್ದೆ. ನಮ್ಮ ಮದ್ದೂರಿನ ನೆಂಟರೆಲ್ಲ ಹಾಗೆಯೇ ಮಾತಾಡುತ್ತಾರೆ, ಆದರೆ ಅವರು ನನ್ನ ಕೈಯಲ್ಲಿ ಓದಿದವರಲ್ಲ.

ಇನ್ನೊಂದು ಹುಚ್ಚು ನಡತೆ ಪುಸ್ತಕ. ನಾನು ಬರುವ ಮೊದಲು ಆ ಶಾಲೆಯಲ್ಲಿ ತಪ್ಪು ಮಾಡಿದವರಿಗೆ ಬೆತ್ತದೇಟು ಇಲ್ಲವೇ ಬಿಸಿಲಲ್ಲಿ ಮಂಡಿಯೂರುವುದು. ನನಗೆ ಮಕ್ಕಳ ಮೇಲೆ ಕೈಯೆತ್ತಲು ಮನಸ್ಸು ಬರುವುದಿಲ್ಲ. ಇನ್ನೂರು ಪುಟದ ಒಂದು ಉದ್ದನೆಯ ನೋಟುಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ, ತಾರೀಖು, ಹೆಸರು, ತಪ್ಪು, ವಿದ್ಯಾರ್ಥಿನಿಯ ಸಹಿ ಎಂದು ಗೆರೆ ಎಳೆದೆ. ಒಂದು ತಪ್ಪಿಗೆ ಒಂದು ಸಾಲು. ಮೂರು ಸಾಲಾದರೆ ಮನೆಗೆ ಕಾಗದ. ತಡವಾಗಿ ಬರುವುದು, ಜಡೆಗೆ ರಿಬ್ಬನ್ ಕಟ್ಟದಿರುವುದು, ಮನೆಗೆಲಸ ಮಾಡದಿರುವುದು ಎಂದೆಲ್ಲ ಪಟ್ಟಿ ಮಾಡಿ, ಕೊನೆಗೆ 'ಶಾಲೆಯೊಳಗೆ ಕನ್ನಡ ಬಿಟ್ಟು ಬೇರೆ ಭಾಷೆಯಾಡುವುದು' ಎಂದೂ ಸೇರಿಸಿದೆ. ಆಂಧ್ರದ ಗಡಿ ಹತ್ತಿರ, ಮನೆಯಲ್ಲಿ ತೆಲುಗಾಡುವ ಮಕ್ಕಳು ಬಹಳ. ಶಾಲೆಯಲ್ಲಾದರೂ ಬರೀ ಕನ್ನಡವಾಡಿದರೆ ಪರೀಕ್ಷೆಗೆ ಒಳ್ಳೆಯದಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಬೆತ್ತದ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತದೆ, ಬರೆದಿಟ್ಟದ್ದು ಮಾಯುವುದಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಸೂರಮ್ಮ ಒಂಬತ್ತನೇ ತರಗತಿಯ ಹುಡುಗಿ. ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಹತ್ತಿರದ ಹಳ್ಳಿಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಳು. ಅವಳ ತಂದೆ ಪಾಲಯ್ಯ ಊರಿನ ದೇವರ ದನಗಳನ್ನು ಕಾಯುವವರು. ಹುಡುಗಿ ಓದಿನಲ್ಲಿ ಚುರುಕು, ಬಾಯಿ ಮಾತ್ರ ಬೀಗ ಹಾಕಿದ ಹಾಗೆ. ಅವಳ ಹೆಸರಿನಲ್ಲಿ ಆಗಲೇ ಎರಡು ಸಾಲಿದ್ದವು. ಒಂದು, ನಲ್ಲಿಯ ಬಳಿ ಎಂಟನೇ ತರಗತಿಯ ಜೋಗಮ್ಮನ ಜೊತೆ ತೆಲುಗು ಮಾತಾಡಿದ್ದು. ಇನ್ನೊಂದು, ಪ್ರಾರ್ಥನೆಗೆ ತಡವಾಗಿ ಬಂದದ್ದು. ಎರಡನೆಯದಕ್ಕೆ ಸಹಿ ಹಾಕಿದ ಮೇಲೂ ಅವಳು ಪೆನ್ನು ಹಿಡಿದೇ ನಿಂತಳು.

"ಇನ್ನೊಂದು ಬರೆದ್ರೆ ನಮ್ಮಪ್ಪನ್ನ ಕರಿಸ್ತೀರಾ ಮೇಡಂ?"

"ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ ಕಣೇ."

"ಅಪ್ಪ ಬಂದ್ರೆ ಕರ್ಕೊಂಡೇ ಹೋಗ್ತಾರೆ. ಸಾಲೆಯಿಂದ ಒಂದು ಕೆಟ್ಟ ಮಾತು ಬಂದ್ರೆ ಸಾಕು, ಮನೇಲಿರು ಅಂತ ಹೇಳೇ ಕಳಿಸ್ಯಾರೆ. ಅಕ್ಕನ್ನೂ ಏಳಕ್ಕೇ ಬಿಡ್ಸಿದ್ರು."

ಹಾಗಾದರೆ ಮೂರನೆಯದು ಬರದ ಹಾಗೆ ನೋಡಿಕೋ ಎಂದೆ. ಅದನ್ನೇ ಬುದ್ಧಿವಾದ ಎಂದುಕೊಂಡಿದ್ದೆ.

ಜನವರಿ ತಿಂಗಳು, ಮಧ್ಯಾಹ್ನದ ಮೊದಲ ಪೀರಿಯಡ್ಡು. ನಮ್ಮ ಕೋಣೆಯ ಕಿಟಕಿಗಳಿಗೆ ಬಾಗಿಲೂ ಇರಲಿಲ್ಲ, ಸರಳೂ ಇರಲಿಲ್ಲ. ನಾನು ಕಿಟಕಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತು ಸಮಾಸ ಹೇಳಿಕೊಡುತ್ತಿದ್ದೆ. ಉಂಡ ಹೊತ್ತು, ಅರ್ಧ ತರಗತಿ ತೂಕಡಿಸುತ್ತಿತ್ತು. ಇದ್ದಕ್ಕಿದ್ದಂತೆ ಸೂರಮ್ಮ ಎದ್ದು ನಿಂತು, ಬಾಯಿ ಬಿಟ್ಟು ಎರಡು ಸಲ ಕೂಗಿದಳು.

"ಆವು, ಆವು."

ಆಮೇಲೆ ನಡೆದದ್ದನ್ನು ಹೇಳಲು ಈಗಲೂ ನಾಚಿಕೆ. ನಲವತ್ತಾರು ಹುಡುಗಿಯರು ಚೀರಿ ಬೆಂಚು ಹತ್ತಿದರು, ಬಾಗಿಲ ಹತ್ತಿರದವರು ಕಾಲಿಗೆ ಬುದ್ಧಿ ಹೇಳಿದರು. ಕ್ಲಾಸ್ ಲೀಡರ್ ಸ್ವಪ್ನ ಹೊಸ್ತಿಲಲ್ಲಿ ಬಿದ್ದು ಮೊಣಕಾಲು ತರಚಿಕೊಂಡಳು. ನಾನು ಏನು ಮಾಡಿದೆ? ಸೀರೆ ಎತ್ತಿ ಹಿಡಿದು ಮೇಜಿನ ಮೇಲೆ ಹತ್ತಿ ನಿಂತಿದ್ದೆ. ಅಕ್ಕಪಕ್ಕದ ತರಗತಿಗಳ ಮೇಷ್ಟ್ರುಗಳು ಓಡಿ ಬಂದು ಮೊದಲು ನೋಡಿದ್ದು ಆ ದೃಶ್ಯವನ್ನೇ. ಜವಾನ ದುರುಗಣ್ಣ ದೊಣ್ಣೆ ತಂದು ಬೆಂಚುಗಳ ಕೆಳಗೆಲ್ಲ ಬಡಿದ. ಹಾವೂ ಇಲ್ಲ, ಹಾವಿನ ಪೊರೆಯೂ ಇಲ್ಲ. ಗಣಿತದ ಮೇಷ್ಟ್ರು ಮೀಸೆಯೊಳಗೇ ನಕ್ಕು, "ಇಳೀರಿ ಮೇಡಂ, ಹಗ್ಗಾನೂ ಇಲ್ಲ" ಎಂದರು.

ನನಗೆ ಅವಮಾನವಾಗಿತ್ತು. ಸಿಟ್ಟಿಗೆ ಅದೇ ಕಾರಣ, ಸ್ವಪ್ನಳ ಮೊಣಕಾಲಲ್ಲ.

"ಎಲ್ಲಿತ್ತೇ ಹಾವು?" ಎಂದು ಸೂರಮ್ಮನನ್ನು ಕೇಳಿದೆ.

"ನಾನು ಹಾವು ಅನ್ಲಿಲ್ಲ ಮೇಡಂ."

"ನಲವತ್ತಾರು ಜನ ಕೇಳಿಸ್ಕೊಂಡಿದ್ದಾರೆ. ಮತ್ತೇನಂದೆ ಹಾಗಾದ್ರೆ?"

ಅವಳು ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿದಳು, ಮೇಜಿನ ಮೇಲಿದ್ದ ಪುಸ್ತಕ ನೋಡಿದಳು, ಬಾಯಿ ಮುಚ್ಚಿಕೊಂಡಳು. ಆಮೇಲೆ ಎಷ್ಟು ಕೇಳಿದರೂ ಮಾತಿಲ್ಲ. ಸುಳ್ಳು ಹೇಳಿದ್ದಲ್ಲದೆ ಮೊಂಡುತನ ಬೇರೆ ಎಂದುಕೊಂಡು ಬರೆದೆ: 'ಹಾವು ಹಾವು ಎಂದು ಸುಳ್ಳು ಕೂಗಿ ತರಗತಿಯನ್ನು ಚದುರಿಸಿದ್ದು.' ಅವಳು ಸಹಿ ಹಾಕಿದಳು. ಅಕ್ಷರ ಎಂದಿನಂತೆ ದುಂಡಗಿತ್ತು, ಕೆನ್ನೆ ಮಾತ್ರ ಒದ್ದೆ.

ಮುಖ್ಯೋಪಾಧ್ಯಾಯರಾದ ಮುರುಗೇಂದ್ರಪ್ಪನವರು ಮೆತ್ತಗಿನ ಮನುಷ್ಯ. ಕಾಗದಕ್ಕೆ ಸಹಿ ಹಾಕುವ ಮುನ್ನ, "ಸರಿಯಾಗಿ ವಿಚಾರಿಸಿದ್ರಾ ಕಮಲಾಕ್ಷಮ್ಮನವರೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ" ಎಂದರು. "ನನ್ನ ಕಿವಿಯಾರೆ ಕೇಳಿದ್ದೀನಿ ಸಾರ್" ಎಂದೆ. ಅವರು ಸಹಿ ಹಾಕಿಕೊಟ್ಟರು.

ಐದನೆಯ ದಿನ ಪಾಲಯ್ಯ ಬಂದರು. ಬೆಳಗಿನ ಬಸ್ಸಿಗೆ ಬಂದು, ಬೆಲ್ಲು ಹೊಡೆಯುವ ಮೊದಲೇ ಆಫೀಸಿನ ಮೆಟ್ಟಿಲ ಕೆಳಗೆ ನಿಂತಿದ್ದರಂತೆ. ಸಣಕಲು ಆಳು, ಬಿಳಿ ಪಂಚೆ, ಹೆಗಲ ಮೇಲೊಂದು ಕಂಬಳಿ, ಬರಿಗಾಲು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಸೂರಮ್ಮನನ್ನು ಕರೆಸಿದೆವು. ಅವಳು ಆಗಲೇ ಟ್ರಂಕು ಕಟ್ಟಿಟ್ಟು ಬಂದಿದ್ದಳು ಎಂದು ಆಮೇಲೆ ತಿಳಿಯಿತು.

"ತಮ್ಮನಿಗೆ ದನ ಒಪ್ಸಿ ಬಂದೀನ್ರಿ," ಎಂದರು ಪಾಲಯ್ಯ. "ಲೇಟಾಗಿ ಬಂದ್ಳು ಅಂದ್ರೆ ಬೈತಿದ್ದೆ, ಬಿಟ್ಟು ಹೋಗ್ತಿದ್ದೆ. ಸುಳ್ಳು ಹೇಳಿದ್ಳು ಅಂತ ಬರ್ದೀರಿ. ದೇವರ ದನ ಕಾಯೋ ಮನೆ ನಮ್ದು. ಸುಳ್ಳು ಕಲಿಯಾಕೆ ಇಷ್ಟು ದೂರ ಯಾಕೆ ಬರ್ಬೇಕು ತಾಯಿ? ಟೀಸಿ ಕೊಟ್ಬಿಡ್ರಿ."

ಸೂರಮ್ಮ ತಲೆಯೆತ್ತಲಿಲ್ಲ. ಕಾಗದ ಬರೆಯುವಾಗ ನನಗೆ ಬೇಕಿದ್ದುದು ಅವಳು ಹೆದರಲಿ ಎಂಬುದು, ಹೋಗಲಿ ಎಂಬುದಲ್ಲ. ಹೆದರಿಸಲು ಎತ್ತಿದ ಕಲ್ಲು ಕೈಜಾರಿ ಬಿದ್ದ ಮೇಲೆ ಹಾಗೆನ್ನುವುದು ಸುಲಭ.

"ಅಷ್ಟು ದುಡುಕಬೇಡಿ. ಮಗಳನ್ನ ಒಂದು ಮಾತು ಕೇಳಿ," ಎಂದರು ಮುರುಗೇಂದ್ರಪ್ಪನವರು.

ಪಾಲಯ್ಯ ಅವಳ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು. "ಏಮಿ ಚೂಸ್ತಿವಿ ಸೂರಮ್ಮಾ? ಚೆಪ್ಪು."

ಏನು ನೋಡಿದೆ ಎಂದು ಕೇಳುತ್ತಿದ್ದಾರೆ ಎಂಬಷ್ಟು ನನಗೂ ತಿಳಿಯಿತು. ಹುಡುಗಿ ಅಪ್ಪನನ್ನು ನೋಡುವ ಬದಲು ನನ್ನನ್ನು ನೋಡಿದಳು. ಅವರು ಮತ್ತೆ ಕೇಳಿದರು. ಅವಳು ಮತ್ತೆ ನನ್ನನ್ನೇ ನೋಡಿದಳು.

"ನನ್ನ ಮಖ ಯಾಕೆ ನೋಡ್ತೀಯಾ? ನಿಮ್ಮಪ್ಪನಿಗೆ ಹೇಳು."

"ಯಾವುದ್ರಲ್ಲಿ ಹೇಳ್ಲಿ ಮೇಡಂ?"

"ಯಾವುದ್ರಲ್ಲಾದ್ರೂ ಹೇಳೇ," ಎಂದು ಗದರಿದೆ.

ಆಗ ಅವಳು ಅಪ್ಪನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಆವು, ನಾಯ್ನಾ" ಎಂದಳು.

"ನೋಡಿ," ಎಂದೆ ನಾನು. "ಈಗಲೂ ಹಾವು ಅಂತಾನೇ ಸಾಧಿಸ್ತಾಳೆ."

ಪಾಲಯ್ಯ ನನ್ನ ಕಡೆ ತಿರುಗಿದರು. ಅವರ ಮುಖದ ಗಂಟು ಸಡಿಲವಾಯಿತು.

"ಹಾವಲ್ಲ ತಾಯಿ. ಹಾವಿಗೆ ನಾವು ಪಾಮು ಅಂತೀವಿ. ಆವು ಅಂದ್ರೆ ನಮ್ಮಲ್ಲಿ ಹಸ."

ಬಾಗಿಲಲ್ಲಿ ನಿಂತಿದ್ದ ದುರುಗಣ್ಣನೇ ಮೊದಲು ಬಾಯಿಬಿಟ್ಟ. "ಅದೇ ಇರ್ಬೇಕು ಸಾರ್, ಸಂತೆ ಬೀದಿ ಹಸ. ಡಬ್ಬಿ ತೊಳೆದ ಅನ್ನ ತಿನ್ನಾಕೆ ಕಿಟಕಿ ಹತ್ರ ಬರ್ತೈತೆ. ಹೋದ ತಿಂಗ್ಳು ನನ್ಗೂ ಹಾಯ್ದಿತ್ತಲ್ಲ."

ಅಪ್ಪ ಕೇಳುತ್ತ ಹೋದ ಹಾಗೆ ಹುಡುಗಿ ಒಂದೊಂದೇ ಮಾತು ಹೇಳಿದಳು. ಪಾಲಯ್ಯ ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಹಸು ಕಿಟಕಿಯೊಳಗೆ ತಲೆ ಹಾಕಿತ್ತು. ಕೊಂಬು ನನ್ನ ಬೆನ್ನಿಗೆ ಒಂದು ಗೇಣು ದೂರದಲ್ಲಿತ್ತು. ಅದು ಕಿವಿ ಹಿಂದಕ್ಕೆ ಮಡಚಿ ತಲೆ ತಗ್ಗಿಸಿದ್ದನ್ನು ಕಂಡು, ದನದ ಮನೆಯ ಹುಡುಗಿಯಾದ್ದರಿಂದ ಅವಳಿಗೆ ಮುಂದೇನೆಂದು ತಿಳಿಯಿತು. ಮೇಡಂ ಬೆನ್ನ ಹಿಂದೆ ಹಸು ಎಂದು ಹೇಳಹೊರಟವಳ ಬಾಯಿಗೆ ಅವ್ವನ ಮಾತು ಬಂತು. ಉಳಿದದ್ದು ಹೇಳುವಷ್ಟರಲ್ಲಿ ತರಗತಿ ಚೆಲ್ಲಾಪಿಲ್ಲಿಯಾಗಿ, ಗದ್ದಲಕ್ಕೆ ಬೆದರಿ ಹಸು ಓಡಿಹೋಯಿತು. ಹಾವು ಎಂದರೆ ಎಲ್ಲರೂ ನೆಲ ನೋಡುತ್ತಾರೆ. ನಾವೆಲ್ಲ ನೆಲ ನೋಡುತ್ತಿದ್ದೆವು, ಕಿಟಕಿ ನೋಡಿದವಳು ಅವಳೊಬ್ಬಳೇ.

"ಅವತ್ತೇ ಯಾಕೆ ಹೇಳ್ಲಿಲ್ಲ ಮರೀ?" ಎಂದರು ಮುರುಗೇಂದ್ರಪ್ಪನವರು.

"ತೆಲುಗು ಮಾತಾಡ್ದೆ ಅಂತ ಇನ್ನೊಂದು ಸಾಲು ಬರೀತಾರೆ ಅಂತ ಸಾರ್."

ಆ ಹೊತ್ತಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅವಳು ಆವು ಎಂದಳು, ನಾನು ಅದಕ್ಕೊಂದು ಹಕಾರ ಸೇರಿಸಿದೆ. ದಿನಾ ಸೇರಿಸಿ ಸೇರಿಸಿ ಅಭ್ಯಾಸ. ಆಡಿದವಳ ಮಾತನ್ನು ತಿದ್ದಿ ಬರೆದು, ತಿದ್ದಿದ್ದಕ್ಕೆ ಅವಳಿಂದಲೇ ಸಹಿ ಹಾಕಿಸಿಕೊಂಡಿದ್ದೆ. ಅದೂ ನನ್ನ ಬೆನ್ನು ಕಾಯಲು ಕೂಗಿದವಳಿಂದ.

"ಅದ್ರಾಗೆ ಇನ್ನೇನೇನು ಬರ್ದೀರಿ, ಓದ್ರಿ ತಾಯಿ," ಎಂದರು ಪಾಲಯ್ಯ. ಅವರಿಗೆ ಓದು ಬಾರದು. ನಾನು ಪುಸ್ತಕ ತೆಗೆದು ಮೂರು ಸಾಲನ್ನೂ ಓದಿದೆ. ತೆಲುಗಿನ ಸಾಲನ್ನು ತಲೆಯೆತ್ತದೆ ಓದಿದೆ.

ಅವರು ದನಿ ಏರಿಸಲಿಲ್ಲ. "ತಡ ಆಗಿದ್ದು ತಪ್ಪು, ಒಪ್ಪಿದೆ. ಕನ್ನಡ ಕಲೀಲಿ ಅಂತಾನೇ ಇಲ್ಲಿಗೆ ಹಾಕಿದ್ದು ನಾನು. ಆದ್ರೆ ಹೆದರಿದಾಗ ಮಾತು ಹುಡಿಕ್ಕೊಂಡು ಕೂಗಾಕೆ ಆಗ್ತೈತಾ ತಾಯಿ? ನೀವು ಹೇಳ್ರಿ."

"ತಪ್ಪು ನಂದು ಪಾಲಯ್ಯನವರೇ," ಎಂದೆ. ಸೂರಮ್ಮನ ಕಡೆ ತಿರುಗಿ ಅದನ್ನೇ ಹೇಳಹೋದರೆ ಮಾತು ಅರ್ಧಕ್ಕೆ ನಿಂತು ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು ಒಂದು ಮಗುವಿನ ಮುಂದೆ ಅತ್ತದ್ದು ಅದೇ ಮೊದಲು.

ಕೆಂಪು ಇಂಕಿನ ಪೆನ್ನು ತೆಗೆದುಕೊಂಡು ಮೂರನೆಯ ಸಾಲು ಹೊಡೆದುಹಾಕಿದೆ. ಮೊದಲನೆಯದನ್ನೂ ಹೊಡೆದುಹಾಕಿದೆ. ಪುಸ್ತಕದ ರಟ್ಟಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಬೇರೆ ಭಾಷೆಯ ನಿಯಮದ ಮೇಲೂ ಗೆರೆ ಎಳೆದೆ. ಮುರುಗೇಂದ್ರಪ್ಪನವರು ಕನ್ನಡಕ ಸರಿಮಾಡಿಕೊಂಡು, "ತಿದ್ದಿದ ಕಡೆಯೆಲ್ಲ ಸಹಿ ಹಾಕಿ ಮೇಡಂ" ಎಂದರು. ಮೂರು ಕಡೆ ಸಹಿ ಹಾಕಿದೆ.

ಪಾಲಯ್ಯ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಆದರೂ ಅವರ ಮುಖ ತಿಳಿಯಾಗಲಿಲ್ಲ.

"ನೀವು ಹೊಡೆದಾಕಿದ್ರಿ, ದೊಡ್ಡ ಮನಸು. ಅಪ್ಪ ಕೇಳಿದ್ರೆ ಟೀಚರ್ ಮಖ ನೋಡೋ ಹಂಗಾಗ್ಯಾಳೆ ನನ್ನ ಮಗಳು. ಬಾಯಿ ಬಿಡಾಕೆ ಹೆದರ್ಕೊಂಡು ಎಂಥ ಓದು ಓದ್ತಾಳೆ? ಇರ್ತಾಳೋ ಬರ್ತಾಳೋ ಅವಳನ್ನೇ ಕೇಳ್ತೀನಿ. ಅವಳು ಅಂದಂಗೆ ಆಗ್ಲಿ."

ಅವರು ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಉಂಟಾವಾ, ಇಂಟಿಕಿ ವಸ್ತಾವಾ?"

ಹೋಗುತ್ತೇನೆ ಎಂದರೆ ತಡೆಯುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಸೂರಮ್ಮ ಇನ್ನೇನು ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡು ಕಾದೆ. ಅವಳು ತಿರುಗಲಿಲ್ಲ. ಅಪ್ಪನ ಕಣ್ಣನ್ನೇ ನೋಡುತ್ತ, ಆಫೀಸಿನ ಗುಮಾಸ್ತರೂ ತಲೆಯೆತ್ತುವಷ್ಟು ಗಟ್ಟಿಯಾಗಿ ಹೇಳಿದಳು.

"ಇಕ್ಕಡ್ನೇ ಉಂಟಾ, ನಾಯ್ನಾ."

ಇಲ್ಲೇ ಇರುತ್ತಾಳಂತೆ ಎಂದು ಯಾರೂ ನನಗೆ ಅರ್ಥ ಹೇಳಬೇಕಾಗಲಿಲ್ಲ.